ಟಕ್ ಅನ್ನಬೇಕು

ಬೆಲ್ಟು ‘ಟಕ್’ ಅಂದಿತೋ, ಅವಳು ‘ಟಕ್’ ಅಂದಳೋ, ಈ ಎರಡರ ನಡುವೆ ವ್ಯತ್ಯಾಸವಿದೆ ಎಂಬುದೇ ಆ ದಿನ ಬೆಳಗ್ಗೆ ಏಳೂ ಮುಕ್ಕಾಲರ ತನಕ ಅವನ ತಲೆಗೆ ಹೊಳೆದಿರಲಿಲ್ಲ. ತಲೆಯಲ್ಲಿದ್ದದ್ದು ಹೊತ್ತಾಯಿತು ಎಂಬುದೊಂದೇ. ಹೆಂಡತಿಗೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬೆಳಗಿನ ಪಾಳಿ; ಆರಕ್ಕೇ ಹೊರಟುಬಿಡುತ್ತಾಳೆ. ಆಮೇಲೆ ಮೂರು ಮಕ್ಕಳು, ಆರು ಬೂಟು, ಮೂರು ನೀರಿನ ಬಾಟಲಿ, ಎಲ್ಲ ಅವನ ಪಾಲು. ಚಿಕ್ಕವರಿಬ್ಬರು ಅವಳಿಗಳು, ಮೂರು ವರ್ಷದವರು, ಒಬ್ಬನನ್ನು ಕೂರಿಸುವಷ್ಟರಲ್ಲಿ ಇನ್ನೊಬ್ಬ ಬೂಟು ಕಿತ್ತು ಬಿಸಾಡುವ ಜಾತಿ. ಅವರ ಸೀಟುಗಳು ಗಾಡಿಯ ಮಧ್ಯದ ಸಾಲಿನಲ್ಲಿ, ಎರಡು ಕಿಟಕಿಗೆ ಎರಡು, ಕಬ್ಬಿಣದ ಕೊಕ್ಕೆಗೆ ಸಿಕ್ಕಿಸಿದ್ದು; ಅಲ್ಲಾಡಿಸಿದರೆ ಗಾಡಿಯೇ ಅಲ್ಲಾಡಬೇಕು. ಅವರ ಪಟ್ಟಿಗಳನ್ನು ಅವನೇ ಹಾಕುತ್ತಾನೆ, ಎರಡು ಸಲ ಎಳೆದು ನೋಡುತ್ತಾನೆ, ಎದೆಗೂ ಪಟ್ಟಿಗೂ ನಡುವೆ ಬೆರಳು ತೂರಿಸಿ ನೋಡುತ್ತಾನೆ. ದೊಡ್ಡವಳದು ಮೂರನೆಯ ಸಾಲು. ಏಳು ವರ್ಷದವಳು. ಅವಳಿಗೆ ಇರುವುದು ಬೂಸ್ಟರ್ ಸೀಟು, ಅಂದರೆ ಬೆಲ್ಟು ಕುತ್ತಿಗೆಗೆ ಉಜ್ಜದೆ ಭುಜದ ಮೇಲೆ ಬರಲಿ ಎಂದು ಕೆಳಗೆ ಇಡುವ ಬೆನ್ನಿಲ್ಲದ ಗಟ್ಟಿ ಮಣೆ. ಮಧ್ಯದ ಸಾಲು ಮಡಚಿದರೆ ತಾನೇ ಹಿಂದಕ್ಕೆ ದಾರಿ? ಅವಳಿಗಳ ಸೀಟು ಬಿಗಿದ ಮೇಲೆ ಅದು ಮಡಚುವುದಿಲ್ಲ. ಹಾಗಾಗಿ ಅವಳು ಡಿಕ್ಕಿಯ ಬಾಗಿಲಿನಿಂದ ಹತ್ತಬೇಕು, ಚೀಲಗಳನ್ನು ದಾಟಿ, ಸೀಟಿನ ಬೆನ್ನು ಹಾರಿ, ಅತ್ತ ಇಳಿದು, ಮಣೆಯ ಮೇಲೆ ಕೂತು, ಬೆಲ್ಟನ್ನು ತಾನೇ ಹಾಕಿಕೊಳ್ಳಬೇಕು. ಅವನು ಡಿಕ್ಕಿ ಮುಚ್ಚಿ ಮುಂದೆ ಬಂದು ಸ್ಟಿಯರಿಂಗ್ ಹಿಡಿದು ಕಾಯುತ್ತಾನೆ. “ಟಕ್ ಅನ್ನಬೇಕು!” ಎಂದು ಕೂಗುತ್ತಾನೆ. ಹಿಂದಿನಿಂದ ‘ಟಕ್’ ಬರುತ್ತದೆ. ಗಾಡಿ ಹೊರಡುತ್ತದೆ. ಎರಡು ವರ್ಷದಿಂದ ಹೀಗೇ.

ಆ ದಿನ ‘ಟಕ್’ ತಡವಾಯಿತು.

“ಆಯ್ತಾ?” ಅಂದ.

ಹಿಂದೆ ಏನೋ ಪರಚುವ ಸದ್ದು. ಅವಳಿಗಳಲ್ಲೊಬ್ಬ ಅವನ ಸೀಟಿನ ಬೆನ್ನಿಗೆ ಒದೆಯುತ್ತಿದ್ದ.

“ಆಯ್ತೇನೇ? ಬೆಲ್ಟ್ ಹಾಕೋಕೂ ಮುಹೂರ್ತ ನೋಡ್ಬೇಕಾ?”

“ಸಿಗ್ತಾ ಇಲ್ಲ...”

“ದಿನಾ ಸಿಗತ್ತೆ, ಇವತ್ತೇನು ಕಾಲು ಬಂತಾ ಅದಕ್ಕೆ? ಗೋಳು ಹೊಯ್ಕೋಬೇಡ. ನಂಗೆ ಒಂಬತ್ತೂವರೆಗೆ ಶೋರೂಮಲ್ಲಿ ಗಾಡಿ ಡೆಲಿವರಿ ಇದೆ.”

ಮತ್ತೆ ಪರಚುವ ಸದ್ದು. ಆಮೇಲೆ, “ಟಕ್.”

ಅಷ್ಟು ಸಾಕಾಯಿತು ಅವನಿಗೆ. ಗಾಡಿ ಬೀದಿಗೆ ಇಳಿಸಿದ. ಕನ್ನಡಿಯಲ್ಲಿ ಅವಳಿಗಳ ಎರಡು ಮುಖ, ಎರಡಕ್ಕೂ ಅವನದೇ ಮೂಗು; ಅವರ ಸೀಟುಗಳ ಎತ್ತರದ ಬೆನ್ನು ದಾಟಿ ಹಿಂದೆ ಏನೂ ಕಾಣುವುದಿಲ್ಲ. ದೊಡ್ಡವಳು ಹೆಂಡತಿಯ ಮೊದಲ ಮದುವೆಯ ಮಗು. ಅವಳ ಅಪ್ಪ ಅವಳು ನಡೆಯುವುದನ್ನು ಕಲಿಯುವ ಮೊದಲೇ ತೀರಿಕೊಂಡವನು, ಗೋಡೆಯ ಮೇಲೆ ಫೋಟೊದಲ್ಲಿದ್ದಾನೆ, ‘ಅಪ್ಪ’ ಅನ್ನುವ ಪದ ಅವನ ಹೆಸರಿಗೇ ಮೀಸಲು. ಇವನು ಆ ಮನೆಗೆ ಬಂದು ನಾಲ್ಕು ವರ್ಷ. ಈ ನಾಲ್ಕು ವರ್ಷದಲ್ಲಿ ಅವಳು ಇವನನ್ನು ಏನೆಂದೂ ಕರೆದಿಲ್ಲ. ಏನಾದರೂ ಬೇಕಾದರೆ ಎದುರಿಗೆ ಬಂದು ನಿಲ್ಲುತ್ತಾಳೆ, ಇವನು ತಲೆ ಎತ್ತಿ ನೋಡುವ ತನಕ ಕಾಯುತ್ತಾಳೆ, ಆಮೇಲೆ “ಪೆನ್ಸಿಲ್ ಕೆತ್ತಿಕೊಡ್ತೀರಾ” ಅನ್ನುತ್ತಾಳೆ. ಅವಳಿಗಳು “ಅಪ್ಪಾ, ಬಾರೋ” ಅನ್ನುತ್ತವೆ. ಅವಳು “ನೀವು ಬರ್ತೀರಾ” ಅನ್ನುತ್ತಾಳೆ. ಮೊದಮೊದಲು ನೆಂಟರಿಷ್ಟರು, ಎಷ್ಟು ಮರ್ಯಾದಸ್ಥ ಮಗು ಎಂದು ಹೊಗಳುತ್ತಿದ್ದರು. ಆ ಮರ್ಯಾದೆ ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತ್ತು. ಎದುರಿಗೆ ಬಂದು ನಿಲ್ಲುವುದು ಮನೆಯಲ್ಲಾದರೆ ಸರಿ, ಮೂರನೆಯ ಸಾಲಿನಿಂದ ಅವಳು ಇವನನ್ನು ಹೇಗೆ ಕರೆಯಬೇಕಿತ್ತು ಎಂಬ ಪ್ರಶ್ನೆಯನ್ನು ಅವನು ಕೇಳಿಕೊಂಡದ್ದು ಆ ದಿನವೇ, ಅದೂ ಮಧ್ಯಾಹ್ನದ ಮೇಲೆ.

ನಾಲ್ಕು ರಸ್ತೆ ಕೂಡುವಲ್ಲಿ ಸೈಕಲ್ಲಿನ ಮೇಲೆ ಏಣಿ ಕಟ್ಟಿಕೊಂಡವನೊಬ್ಬ ಅಡ್ಡ ಬಂದ. ಇವನು ಬ್ರೇಕಿನ ಮೇಲೆ ನಿಂತುಬಿಟ್ಟ. ಗಾಡಿ ಮುಗ್ಗರಿಸಿ ನಿಂತಿತು. ಹಿಂದೆ ಎಲ್ಲೋ ಶಾಲೆಯ ಚೀಲ ಉರುಳಿದ ಹಾಗೆ ಒಂದು ಸದ್ದಾಯಿತು. ಏಣಿಯವನ ವಂಶವನ್ನೆಲ್ಲ ಬೈದು ಮುಗಿಸುವಷ್ಟರಲ್ಲಿ ಅವಳಿಗಳು ಕೇಕೆ ಹಾಕಿ ನಗುತ್ತಿದ್ದವು. “ಇನ್ನೊಂದ್ಸಲ ಅಪ್ಪಾ, ಇನ್ನೊಂದ್ಸಲ!” “ಎಲ್ರೂ ಸರಿ ಇದ್ದೀರಾ?” ಎಂದು ಕೇಳಿದ. “ಸರಿ ಇದ್ದೀವಿ!” ಎಂದು ಅವಳಿಗಳು ಎಲ್ಲರ ಪರವಾಗಿಯೂ ಕೂಗಿದವು. ಅವನು ಗೇರು ಹಾಕಿದ.

ಶಾಲೆಯ ಗೇಟಿನಲ್ಲಿ ಡಿಕ್ಕಿ ತೆಗೆಯುವುದೆಂದರೆ ದಿನವೂ ಒಂದು ಸಣ್ಣ ಅವಮಾನ. ಅಲ್ಲಿ ನಿಂತ ಮಕ್ಕಳು “ಸಾಮಾನು ಬಂತು, ಸಾಮಾನು ಬಂತು” ಎಂದು ಹಾಡುತ್ತವೆ. ಅವಮಾನ ಅವಳದು ಎಂದು ಅವನಿಗೆ ಅನ್ನಿಸಿದ್ದಿಲ್ಲ, ತನ್ನದೇ ಅಂದುಕೊಂಡಿದ್ದ. ಆ ದಿನ ಡಿಕ್ಕಿ ತೆಗೆದರೆ ಸೀಟಿನ ಬೆನ್ನಿನ ಮೇಲೆ ಅವಳ ತಲೆ ಏಳಲಿಲ್ಲ. ಬಗ್ಗಿ ನೋಡಿದ. ಎರಡು ಸಾಲುಗಳ ನಡುವಿನ ಸಂದಿಯಲ್ಲಿ, ಕಾಲಿಡುವ ಜಾಗದಲ್ಲಿ, ಅವಳು ಕುಕ್ಕರುಗಾಲಲ್ಲಿ ಕೂತು ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಬೆರಳ ಸಂದಿಯಿಂದ ಬಿಳಿ ಅಂಗಿಯ ಮೇಲೆ ರಕ್ತ ತೊಟ್ಟಿಕ್ಕಿತ್ತು. ಬೆಲ್ಟು ತನ್ನ ಪಾಡಿಗೆ ತಾನು ಗಾಡಿಯ ಗೋಡೆಗಂಟಿ ತೂಗುತ್ತಿತ್ತು.

“ಬೆಲ್ಟ್ ಹಾಕಿರ್ಲಿಲ್ವಾ?”

ಅವನ ಬಾಯಿಂದ ಮೊದಲು ಬಂದ ಮಾತು ಇದು. ‘ಅಯ್ಯೋ’ ಅಲ್ಲ, ‘ನೋಡೋಣ ಬಾಯಿ ತೆಗಿ’ ಅಲ್ಲ. ಆಮೇಲೆ ಆ ದಿನವಿಡೀ ಬೇರೆ ಎಲ್ಲವನ್ನೂ ಹೇಗೋ ಸಮಜಾಯಿಷಿ ಮಾಡಿಕೊಂಡ, ಈ ಒಂದು ವಾಕ್ಯ ಮಾತ್ರ ಜೀರ್ಣವಾಗಲಿಲ್ಲ. ಅವಳು ಕೈ ತೆಗೆದಳು. ಕೆಳತುಟಿ ಹರಿದಿತ್ತು. ಮುಂದಿನ ಹಲ್ಲು, ಹಾಲುಹಲ್ಲು ಉದುರಿ ನಾಲ್ಕು ತಿಂಗಳ ಹಿಂದೆ ಹುಟ್ಟಿದ್ದು, ಅಂಚಿನಲ್ಲಿ ಗರಗಸದ ಹಾಗೆ ಇನ್ನೂ ಹೊಸದಾಗಿದ್ದದ್ದು, ಅರ್ಧಕ್ಕೆ ಓರೆಯಾಗಿ ಮುರಿದಿತ್ತು.

“ನಾನು ಟಕ್ ಅಂದೆ,” ಅಂದಳು.

“ಅಂದೆ ಅಂದ್ರೆ?”

“ನೀವೇ ಹೇಳಿದ್ದು. ಟಕ್ ಅನ್ನಬೇಕು ಅಂತ.”

ಅವನಿಗೆ ಮೊದಲು ಅರ್ಥವೇ ಆಗಲಿಲ್ಲ. ಅವಳು ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಬಿಟ್ಟು ತೋರಿಸಿದಳು. ಮುರಿದ ಹಲ್ಲು, ಹರಿದ ತುಟಿ, ರಕ್ತದ ಎಂಜಲು, ಅದರ ನಡುವಿನಿಂದಲೂ ಸ್ವಚ್ಛವಾಗಿ, ಕಾರ್ಖಾನೆಯಿಂದ ಬಂದ ಹಾಗೆ: ಟಕ್.

“ಯಾವಾಗಿಂದ ಹಿಂಗೆ?”

“ಕೈಗೆ ಸಿಕ್ಕಿದ ದಿನ ಅದು ಅನ್ನತ್ತೆ. ಸಿಗದೇ ಇದ್ದ ದಿನ ನಾನು ಅಂತೀನಿ,” ಅಂದಳು. ತಪ್ಪೊಪ್ಪಿಕೊಳ್ಳುವ ಧ್ವನಿಯಲ್ಲಿ ಅಲ್ಲ, ಪಾಠ ಒಪ್ಪಿಸುವ ಧ್ವನಿಯಲ್ಲಿ.

ಎರಡು ವರ್ಷದಲ್ಲಿ ಎಷ್ಟು ದಿನ ಅದು ಅಂದಿತ್ತು, ಎಷ್ಟು ದಿನ ಇವಳು? ಮೊದಲ ದಿನ ಅವಳಿಗೆ ಹೇಳಿಕೊಟ್ಟದ್ದು ನೆನಪಾಯಿತು. ಐದು ವರ್ಷದ ಮಗುವನ್ನು ಮಣೆಯ ಮೇಲೆ ಕೂರಿಸಿ, “ನೋಡು, ಟಕ್ ಅನ್ನಬೇಕು. ಅನ್ನದೇ ಇದ್ರೆ ಗಾಡಿ ಹೊರಡಲ್ಲ,” ಅಂದಿದ್ದ. ಯಾರು ಅನ್ನಬೇಕು ಎಂದು ಹೇಳಿರಲಿಲ್ಲ. ಹೇಳುವ ಅಗತ್ಯವೇನಿದೆ, ನಮ್ಮ ಭಾಷೆಯಲ್ಲಿ ಬೆಲ್ಟೂ ಅನ್ನುತ್ತದೆ, ಬಾಗಿಲೂ ಅನ್ನುತ್ತದೆ, ಗಡಿಯಾರವೂ ಅನ್ನುತ್ತದೆ. ಮಗು ಪಾಪ, ತಾನು ಅನ್ನಬೇಕು ಅಂದುಕೊಂಡಿತು. ಹಾಗೆ ಅಂದುಕೊಂಡದ್ದೇ ನಿಜವೋ, ಅಥವಾ ಬರಬರುತ್ತಾ ಗೊತ್ತಿದ್ದೂ, ಬೈಗುಳಕ್ಕಿಂತ ಇದೇ ಸುಲಭ ಎಂದು ಅಂದುಕೊಳ್ಳುವುದನ್ನು ಮುಂದುವರಿಸಿತೋ, ಅದನ್ನು ಅವನು ಕೇಳಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಸಿಕ್ಕಿಬಿಡುತ್ತದೋ ಎಂಬ ಭಯ.

ಅಷ್ಟರಲ್ಲಿ ಗೇಟಿನ ಬಳಿಯ ಮಿಸ್ ಓಡಿ ಬಂದಳು. “ಅಯ್ಯೋ ದೇವ್ರೇ, ಏನಾಯ್ತು ಇವಳಿಗೆ?”

“ಮೆಟ್ಟಿಲಲ್ಲಿ ಎಡವಿದಳು. ಮನೇಲಿ. ಹೊರಡೋ ಆತುರ ನೋಡಿ,” ಅಂದ. ಎಷ್ಟು ಸಲೀಸಾಗಿ ಬಂತು! ಮೊದಲೇ ಹೊಲಿಸಿಟ್ಟ ಅಂಗಿಯ ಹಾಗೆ ಮೈಗೆ ಕೂತಿತು. ದೊಡ್ಡವಳು ಅವನ ಮುಖ ನೋಡಿದಳು. ಬೆರಗಿರಲಿಲ್ಲ ಅದರಲ್ಲಿ, ದೂರೂ ಇರಲಿಲ್ಲ. ಮಗ್ಗಿಯಲ್ಲಿ ಮುಂದಿನ ಸಾಲು ಏನು ಎಂದು ಯೋಚಿಸುವವಳ ಹಾಗೆ ಒಂದು ಗಳಿಗೆ ನೋಡಿ, ಮಿಸ್ ಕಡೆ ತಿರುಗಿ, “ಮೂರನೇ ಮೆಟ್ಟಿಲು ಮಿಸ್,” ಅಂದಳು. ಸಂಖ್ಯೆ ಸೇರಿಸಿದ್ದು ಅವಳೇ. ಮಿಸ್, ವಾಪಸ್ ಕರೆದುಕೊಂಡು ಹೋಗಿ, ಹಲ್ಲಿನ ಡಾಕ್ಟರಿಗೆ ತೋರಿಸಿ ಎಂದಳು. ಅವನು ಗಡಿಯಾರ ನೋಡಿದ. ಅವನು ಗಡಿಯಾರ ನೋಡಿದ್ದನ್ನು ಅವಳೂ ನೋಡಿದಳು. “ನೋಯ್ತಾ ಇಲ್ಲ ಮಿಸ್,” ಅಂದು ಒಳಗೆ ನಡೆದಳು. ತಡೆಯಬಹುದಿತ್ತು. ಬಾಯಿ ತೆರೆದರೆ ಸಾಕಿತ್ತು. “ಸಂಜೆ ತೋರಿಸ್ತೀವಿ,” ಎಂದು ಮಿಸ್‌ಗೆ ಹೇಳಿ, ಅವಳಿಗಳನ್ನು ಶಿಶುವಿಹಾರಕ್ಕೆ ಬಿಡಲು ಹೊರಟುಬಿಟ್ಟ.

ಶೋರೂಮಿನಲ್ಲಿ ಅವನಿಗೆ ‘ಸೇಫ್ಟಿ ಸಾರ್’ ಎಂದು ಅಡ್ಡಹೆಸರು. ಗಾಡಿ ಕೊಂಡವರಿಗೆ ಕೀಲಿ ಕೊಡುವ ಮೊದಲು ಗುಂಡಿ ಗುಂಡಿಯನ್ನೂ ವಿವರಿಸುವುದು ಅವನ ಕೆಲಸ. ಬೇರೆಯವರು ಹತ್ತು ನಿಮಿಷದಲ್ಲಿ ಮುಗಿಸಿ ಫೋಟೊಗೆ ನಿಲ್ಲಿಸಿಬಿಡುತ್ತಾರೆ. ಅವನದು ಮುಕ್ಕಾಲು ಗಂಟೆಯ ಪ್ರವಚನ. “ಟಕ್ ಅನ್ನಬೇಕು ಮೇಡಂ. ಟಕ್ ಅನ್ನದ ಬೆಲ್ಟು ಬೆಲ್ಟೇ ಅಲ್ಲ, ಬರೀ ದಾರ.” ಇದು ಅವನ ಹೆಸರುವಾಸಿ ಮಾತು, ಹುಡುಗರು ಚಹಾ ಕುಡಿಯುವಾಗ ಅವನ ಧ್ವನಿಯಲ್ಲೇ ಅಣಕಿಸುತ್ತಾರೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಅನ್ನುವ ಗಾದೆಯನ್ನು ಅವನೇ ಎಷ್ಟೋ ಜನರ ಮೇಲೆ ಪ್ರಯೋಗಿಸಿದ್ದುಂಟು. ಆ ದಿನ ಗಾಡಿ ಸುತ್ತ ನಿಂತ ಕುಟುಂಬದ ಎದುರು ಬಾಯಿ ತೆರೆದರೆ, ‘ಟಕ್’ ಹತ್ತಿರ ಬಂದಾಗಲೆಲ್ಲ ನಾಲಿಗೆ ಹಿಂದೆ ಸರಿಯುತ್ತಿತ್ತು. ಗಂಡ, ಹೆಂಡತಿ, ಆರೇಳು ವರ್ಷದ ಮೊಮ್ಮಗಳ ಕೈ ಹಿಡಿದ ಅಜ್ಜಿ. ಗಾಡಿ ಅವನ ಗಾಡಿಯ ಹಾಗೇ ಏಳು ಸೀಟಿನದು, ಬಣ್ಣ ಮಾತ್ರ ಬೇರೆ.

“ಹಿಂದೆ ಯಾರಪ್ಪ ಕೂರೋದು?” ಅಂದಳು ಅಜ್ಜಿ.

“ಮಕ್ಕಳು, ಅಜ್ಜಿ. ಬೂಸ್ಟರ್ ಸೀಟು ಹಾಕ್ಕೊಟ್ಟಿದ್ದೀವಿ. ಮಕ್ಕಳಿಗೆ ಹಿಂದೆ ಅಂದ್ರೆ ಬಲು ಇಷ್ಟ.”

“ಯಾವ ಮಗು ಹೇಳ್ತು ನಿಂಗೆ?”

ಗಂಡ ಹೆಂಡತಿ ನಕ್ಕರು. ಅವನೂ ನಕ್ಕ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಕೈ ತಾನಾಗಿ ಅಂಗಿಯ ತೋಳಿಗೆ ಹೋಯಿತು, ಬೆಳಗಿನ ರಕ್ತ ಹತ್ತಿದೆಯೋ ಏನೋ. ಅಜ್ಜಿ ಬಿಡಲಿಲ್ಲ. “ನಕ್ಕಿದ್ದು ಸಾಕು. ಒಂದ್ಸಲ ನೀನೇ ಕೂತು ಬೆಲ್ಟ್ ಹಾಕ್ಕೊಂಡು ತೋರಿಸು. ಆಮೇಲೆ ನನ್ನ ಮೊಮ್ಮಗಳನ್ನ ಕೂರಿಸ್ತೀನಿ.” ಮ್ಯಾನೇಜರು ದೂರದಿಂದ ಕಣ್ಣಲ್ಲೇ ‘ಕೂತ್ಕೋ’ ಅಂದ. ಹತ್ತು ವರ್ಷದ ಕಸುಬಿನಲ್ಲಿ ಮೂರನೆಯ ಸಾಲನ್ನು ಅವನು ಸಾವಿರ ಸಲ ತೋರಿಸಿದ್ದ, ಒಂದು ಸಲವೂ ಕೂತಿರಲಿಲ್ಲ. ತಲೆ ಬಗ್ಗಿಸಿ, ಹೊಟ್ಟೆ ಒಳಗೆಳೆದು ತೂರಿದ. ಮಣೆಯ ಮೇಲೆ ಕೂತರೆ ಮೊಣಕಾಲು ಗದ್ದಕ್ಕೆ ಬಂತು. ಎದುರಿಗೆ ಮಧ್ಯದ ಸಾಲಿನ ಬೆನ್ನು, ಬೂದು ಬಣ್ಣದ ಗೋಡೆ, ಗೋಡೆಯ ಮೇಲೆ ಯಾರದೋ ತಲೆಯ ಹಿಂಭಾಗ. ಪಕ್ಕಕ್ಕೆ ನೋಟುಬುಕ್ಕಿನಷ್ಟು ಕಿಟಕಿ, ತೆರೆಯುವುದಿಲ್ಲ. ಹೊರಗಿನವರು ಮಾತಾಡುತ್ತಿದ್ದರು, ತುಟಿ ಕಾಣುತ್ತಿತ್ತು, ಮಾತು ಮಂದವಾಗಿ ಎಲ್ಲಿಂದಲೋ ಬರುತ್ತಿತ್ತು. ಬೆಲ್ಟು ಎಳೆದು ಅದನ್ನು ಸಿಕ್ಕಿಸುವ ಕೆಂಪು ಗುಂಡಿಯ ಗೂಡಿಗಾಗಿ ಕೈಯಾಡಿಸಿದ. ಇಲ್ಲ. ಮಣೆಯ ಅಂಚಿನ ಕೆಳಗೆ, ಸೀಟಿನ ಮಡಿಕೆಯೊಳಗೆ ಅದು ಮುಳುಗಿಹೋಗಿತ್ತು. ಬೆರಳ ತುದಿಗೆ ತಾಗುತ್ತದೆ, ಹಿಡಿದರೆ ಜಾರುತ್ತದೆ. ದೊಡ್ಡ ಗಂಡಸಿನ ಬೆರಳು ಅವನದು. ಬೆವರು ಕಿವಿಯ ಹಿಂದೆ ಇಳಿಯಿತು. ದೊಡ್ಡವಳು ಒಮ್ಮೆ ಹೇಳಿದ್ದಳು, ಎದುರಿಗೆ ಬಂದು ನಿಂತು, ‘ಅದು ಒಳಗೆ ಹೋಗ್ಬಿಡತ್ತೆ’ ಎಂದು. ಅವನು ಫೋನು ನೋಡುತ್ತಿದ್ದ. ಏನು ಉತ್ತರ ಕೊಟ್ಟೆ ಎಂದು ನೆನಪಿಸಿಕೊಳ್ಳಲು ನೋಡಿದ, ಉತ್ತರ ಕೊಟ್ಟಿರಲೇ ಇಲ್ಲ.

“ಆಯ್ತಾ ಸೇಫ್ಟಿ ಸಾರ್?” ಮುಂದಿನ ಸೀಟಿನಿಂದ ಜೊತೆಗಾರ ಕೂಗಿದ. ನಗು ತಡೆದುಕೊಂಡ ಧ್ವನಿ.

ಎಲ್ಲರೂ ಕಾಯುತ್ತಿದ್ದರು. ಬೆಲ್ಟಿನ ತುದಿಯನ್ನು ತೊಡೆಯ ಪಕ್ಕ ಒತ್ತಿಹಿಡಿದು, ಮೇಲೆ ಅಂಗೈ ಮುಚ್ಚಿ, “ಆಯ್ತು,” ಅಂದ.

ಅಜ್ಜಿ ಡಿಕ್ಕಿಯ ಕಡೆಯಿಂದ ತಲೆ ಹಾಕಿದಳು. “ಎಲ್ಲಾಯ್ತು? ಶಬ್ದವೇ ಬರ್ಲಿಲ್ಲ.”

ಆ ಕುಟುಂಬ ಗಾಡಿ ತೆಗೆದುಕೊಂಡು ಹೋಯಿತು. ಅಜ್ಜಿ ತಾನು ಹಿಂದೆ ಕೂತು, ಮೊಮ್ಮಗಳನ್ನು ಮಧ್ಯದಲ್ಲಿ ಕೂರಿಸಿದಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅವನು ವರ್ಕ್‌ಶಾಪಿನಿಂದ ಅಳತೆಯ ಟೇಪು ತಂದು ತನ್ನ ಗಾಡಿಯೊಳಗೆ ನುಗ್ಗಿದ. ಅವಳಿಗಳ ಎರಡು ಸೀಟಿನ ನಡುವೆ ಎಷ್ಟು ಜಾಗವಿದೆ? ಎರಡು ವರ್ಷದ ಹಿಂದೆ ಹೆಂಡತಿ ಕೇಳಿದ್ದಳು, “ಅವಳ ಮಣೆ ಮಧ್ಯದಲ್ಲೇ ಹಿಡಿಯಲ್ವಾ? ಮೂವರೂ ಒಟ್ಟಿಗೆ ಇರ್ತಾರೆ.” “ಹಿಡಿಯಲ್ಲ. ಇದೇ ನನ್ನ ಕಸುಬು, ನಂಗೆ ಗೊತ್ತಿಲ್ವಾ?” ಅಂದಿದ್ದ. ಟೇಪು ಬಿಚ್ಚಿದ. ಹಿಡಿದುಬಿಟ್ಟರೆ? ಎರಡು ಸಲ ಅಳೆದ, ಮಣೆಯನ್ನೂ ಅಳೆದ. ಹಿಡಿಯುವುದಿಲ್ಲ. ಒಂದು ಬೆರಳಷ್ಟು ಸಾಲದು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ಗಟ್ಟಿಯಾಗಿ “ಹೇಳಿರ್ಲಿಲ್ವಾ!” ಅಂದುಬಿಟ್ಟ. ಖಾಲಿ ಗಾಡಿಯಲ್ಲಿ ಆ ಮಾತು ಬಿದ್ದು ಅಲ್ಲೇ ಕೂತಿತು. ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮಗುವಿನ ಹಲ್ಲು ಮುರಿದಿದೆ, ಇವನಿಗೆ ಒಂದು ಬೆರಳು ಕಡಿಮೆ ಬಿದ್ದದ್ದರ ಸಡಗರ. ಸರಿ ಹೇಳಿದ್ದ, ನಿಜ. ಆದರೆ ಅಳೆಯದೆ ಹೇಳಿದ್ದ. ಅಳೆಯಲಿಲ್ಲ ಯಾಕೆಂದರೆ ಹಿಡಿಯುವುದು ಅವನಿಗೆ ಬೇಕಿರಲಿಲ್ಲ. ಕನ್ನಡಿಯಲ್ಲಿ ತನ್ನ ಮೂಗಿನ ಎರಡು ಮುಖಗಳೇ ಕಾಣಬೇಕಿತ್ತು, ನಡುವೆ ಫೋಟೊದವನ ಹಣೆ ಕಾಣಬಾರದಿತ್ತು. ಗೋಡೆಯ ಮೇಲೆ ಒಬ್ಬ ಇದ್ದದ್ದು ಸಾಲದೆ ಗಾಡಿಯಲ್ಲೂ ಯಾಕೆ? ಇಷ್ಟೇ. ಇದಕ್ಕೆ ಕೊಕ್ಕೆ, ಅಳತೆ, ನಿಯಮ, ಎಲ್ಲ ಸಾಕ್ಷಿ ಹೇಳಲು ಸಾಲುಗಟ್ಟಿ ಬಂದಿದ್ದವು. ಮದುವೆಗೆ ಮೊದಲು ಹೆಂಡತಿ ಕೇಳಿದ್ದು ಒಂದೇ ಮಾತು, “ನಮಗೇ ಅಂತ ಮಕ್ಕಳಾದ ಮೇಲೂ ಇವಳನ್ನ ಬೇರೆ ಮಾಡ್ಬೇಡಿ.” ಆಗಲೂ ಅವನು ಹೂಂ ಅಂದಿದ್ದ.

ಸಂಜೆ ಹೇಳಿಬಿಡುವುದೆಂದು ನಿಶ್ಚಯಿಸಿದ. ವಾಕ್ಯ ಕೂಡ ಕಟ್ಟಿಕೊಂಡ: ‘ಮೆಟ್ಟಿಲಲ್ಲ, ಗಾಡೀಲಿ. ಬೆಲ್ಟ್ ಹಾಕಿರ್ಲಿಲ್ಲ, ನಾನು ನೋಡಿರ್ಲಿಲ್ಲ. ಎರಡು ವರ್ಷದಿಂದ ನೋಡಿಲ್ಲ.’ ಮೂರು ವಾಕ್ಯ. ಮನೆಯ ತನಕ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಇದನ್ನು ಹೇಳಿದರೆ ಹೆಂಡತಿ ಕೂಗಾಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ರಕ್ತ ತೆಗೆಯುವ ಕೈಯವಳು, ಎದುರಿಗಿರುವವರ ಮುಖ ನೋಡದೆ ಸೂಜಿ ಚುಚ್ಚಬಲ್ಲವಳು. ಸುಮ್ಮನೆ ಅವನನ್ನು ಒಮ್ಮೆ ನೋಡುತ್ತಾಳೆ, ಆಮೇಲೆ ಎಂದೂ ಮೊದಲಿನ ಹಾಗೆ ನೋಡುವುದಿಲ್ಲ. ಆದರೂ ಹೇಳಬೇಕು, ಯಾಕೆಂದರೆ ನಾಳೆ ಬೆಳಗ್ಗೆ ಮತ್ತೆ ಡಿಕ್ಕಿ ತೆಗೆಯಬೇಕು.

ಮನೆಗೆ ಬಂದಾಗ ಆರು ಗಂಟೆ, ನಡುಮನೆಯಲ್ಲಿ ಇನ್ನೂ ಬೆಳಕಿತ್ತು. ಅವಳಿಗಳು ನೆಲದ ಮೇಲೆ ಡಬ್ಬಿ ಬಡಿಯುತ್ತಿದ್ದವು. ದೊಡ್ಡವಳು ಊಟದ ಮೇಜಿನ ಮೇಲೆ ಹೋಂವರ್ಕ್ ಹರಡಿಕೊಂಡಿದ್ದಳು, ತುಟಿ ಊದಿ ಬೇರೆ ಯಾರದೋ ಮುಖವಾಗಿತ್ತು. ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದಳು.

“ಡಾಕ್ಟರಿಗೆ ತೋರಿಸ್ಕೊಂಡು ಬಂದೆ. ಮಿಸ್ ಫೋನ್ ಮಾಡಿದ್ರು. ಹಾಲುಹಲ್ಲಲ್ಲ, ಇನ್ನು ಬರೋದಿಲ್ಲ ಅಂದ್ರು. ದೊಡ್ಡವಳಾದ ಮೇಲೆ ಟೊಪ್ಪಿ ಹಾಕಿಸ್ಬೇಕಂತೆ ಹಲ್ಲಿಗೆ.” ಧ್ವನಿ ಸಮವಾಗಿತ್ತು. “ನನಗ್ಯಾಕೆ ಫೋನ್ ಮಾಡ್ಲಿಲ್ಲ ನೀವು?”

“ಮಾಡ್ಬೇಕು ಅಂತಿದ್ದೆ...”

“ಏನಾಯ್ತು ಸರಿಯಾಗಿ ಹೇಳಿ. ನಮ್ಮ ಮೆಟ್ಟಿಲಲ್ಲಿ ಬಿದ್ರೆ ತುಟಿ ಒಳಗಿಂದ ಹರಿಯಲ್ಲ. ನಾನು ದಿನಾ ಗಾಯ ನೋಡೋಳು.”

ಇದೇ ಜಾಗ. ಅವನು ಚೀಲ ಕೆಳಗಿಟ್ಟ. “ಮೆಟ್ಟಿಲು...” ಎಂದು ಶುರುಮಾಡಿದ. ‘ಅಲ್ಲ’ ಎನ್ನುವುದಷ್ಟೇ ಬಾಕಿ.

“ಮೂರನೇ ಮೆಟ್ಟಿಲು ಅಮ್ಮ,” ಅಂದಳು ದೊಡ್ಡವಳು, ಪುಸ್ತಕದಿಂದ ತಲೆ ಎತ್ತದೆ. “ಕಂಬಿಗೆ ಬಾಯಿ ಹೊಡೀತು. ಅಪ್ಪ ಎತ್ಕೊಂಡ. ಕರ್ಚೀಫಲ್ಲಿ ಒರೆಸ್ದ.”

ಹೆಂಡತಿ ಮಗಳ ಕಡೆ ನೋಡಿದಳು, ಆಮೇಲೆ ಇವನ ಕಡೆ. ಅವಳ ಮುಖದಲ್ಲಿದ್ದ ಸೂಜಿ ಮಾಯವಾಗಿತ್ತು. ನಾಲ್ಕು ವರ್ಷದಿಂದ ಅವಳೂ ಕಾದಿದ್ದಳು, ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ. ‘ಅಪ್ಪ’ ಅಂದಿದ್ದಳು ಮಗು. ‘ಎತ್ಕೊಂಡ್ರು’ ಅಂದಿರಲಿಲ್ಲ, ‘ಎತ್ಕೊಂಡ’ ಅಂದಿದ್ದಳು. ‘ಒರೆಸ್ದ’ ಅಂದಿದ್ದಳು, ಅವಳಿಗಳು ಅನ್ನುವ ಹಾಗೆ, ಮರ್ಯಾದೆಯೆಲ್ಲ ಕಳಚಿಟ್ಟು. ಎತ್ತಿಕೊಳ್ಳದವನನ್ನು, ಒರೆಸದವನನ್ನು. ಹೆಂಡತಿಯ ಕಣ್ಣು ತುಂಬಿ ಬಂತು, ಮುಚ್ಚಿಕೊಳ್ಳಲು ನಕ್ಕಳು. “ಹೌದೇನ್ರೀ?” ಅಂದಳು, ಮೆಟ್ಟಿಲಿನ ಬಗ್ಗೆ ಅಲ್ಲ.

ದೊಡ್ಡವಳು ಆಗ ತಲೆ ಎತ್ತಿದಳು. ಮುರಿದ ಹಲ್ಲಿನ ಮೊನಚನ್ನು ನಾಲಿಗೆಯಿಂದ ಸವರುತ್ತಾ ಅವನನ್ನೇ ನೋಡಿದಳು. ಪ್ರೀತಿ ಎಂದು ಹೇಳುವ ಧೈರ್ಯ ಅವನಿಗಾಗಲಿಲ್ಲ, ಕರುಣೆ ಎಂದು ಹೇಳಿದರೆ ನಾಚಿಕೆ. ಅವಳು ಕಾಯುತ್ತಿದ್ದಳು ಅಷ್ಟೆ, ಬೆಳಗ್ಗೆ ಅವನು ಮುಂದಿನ ಸೀಟಿನಲ್ಲಿ ಕಾಯುವ ಹಾಗೆ. ಶಬ್ದ ಬಂದರೆ ಸಾಕು, ಗಾಡಿ ಹೊರಡುತ್ತದೆ.

“ಹೂಂ,” ಅಂದ ಅವನು, ಬಾಯಲ್ಲಿ.

ಅವಳು ಮತ್ತೆ ಹೋಂವರ್ಕಿಗೆ ಬಗ್ಗಿದಳು.